ಪೂರ್ಣ ನಾವ್ ಸಾಂಗಾ

2024ರ ಏಪ್ರಿಲ್‌ನ ಒಂದು ಶನಿವಾರ ರಾತ್ರಿ ಡೊಂಬಿವ್ಲಿಯ ಮನೆಯಲ್ಲಿ ಕೂತು ಲಾಗ್ ಓದುತ್ತಿದ್ದೆ. ನಾನು ಸದಸ್ಯನಾಗಿರುವ ಕನ್ನಡ ಸಂಘದ ಮಹಾಸಭೆಯ ನೋಟಿಸು ಮುನ್ನೂರು ಚಿಲ್ಲರೆ ಜನರಿಗೆ ಹೋಗಬೇಕಿತ್ತು. ಸಭೆಗೆ ಇಷ್ಟು ದಿನ ಮೊದಲೇ ಎಲ್ಲರಿಗೂ ತಲುಪಬೇಕು ಎಂದು ನಿಯಮಾವಳಿಯಲ್ಲಿದೆ. ತಲುಪದಿದ್ದರೆ ಸಭೆಯೇ ಅಸಿಂಧು ಎಂದು ತಕರಾರು ತೆಗೆಯುವವರು ನಮ್ಮಲ್ಲಿ ಕಡಿಮೆಯಿಲ್ಲ. ಮಹಾಪೆಯ ಒಂದು ಡೇಟಾ ಸೆಂಟರ್‌ನಲ್ಲಿ ತಿಂಗಳ ಬಾಡಿಗೆಗೆ ಸಣ್ಣ ಸರ್ವರ್ ಹಿಡಿದು, ಅದರ ಮೇಲೆ ಪೋಸ್ಟ್‌ಫಿಕ್ಸ್ ಕೂರಿಸಿ, ‘ಇನ್ನು ನಮ್ಮ ಅಂಚೆ ನಮ್ಮದೇ’ ಎಂದು ಸಮಿತಿಯ ಮುಂದೆ ಎದೆ ತಟ್ಟಿ ಹೇಳಿದವನು ನಾನೇ.

ಒಂಬತ್ತೂವರೆಗೆ ಖಜಾಂಚಿ ಕಾಕಾ ಫೋನ್ ಮಾಡಿದರು. ಧಾರವಾಡದವರು, ಬ್ಯಾಂಕಿನಿಂದ ನಿವೃತ್ತರು, ಎಪ್ಪತ್ತು ದಾಟಿದವರು. ಇಪ್ಪತ್ತು ವರ್ಷ ಸಂಘದ ಕಾಗದಗಳಿಗೆ ಕೈಯಾರೆ ವಿಳಾಸ ಬರೆದು, ಸ್ಟಾಂಪು ಹಚ್ಚಿ ಪೋಸ್ಟಿಗೆ ಹಾಕಿದವರು.

“ಏನಪಾ, ಎಂ.ಟೆಕ್ ಮಾಡೀದಿ. ಒಂದು ಕಾಗದ ಮುಟ್ಟಸ್ಲಿಕ್ಕೆ ಆಗೂದಿಲ್ಲೇನು?”

“ಕಾಕಾ, ಎರಡು ತಾಸು ಕೊಡ್ರಿ,” ಅಂದೆ. ಎರಡು ತಾಸಿನಲ್ಲಿ ಮುಗಿಯಲಿಲ್ಲ ಅನ್ನುವುದನ್ನು ಈಗಲೇ ಹೇಳಿಬಿಡುತ್ತೇನೆ.

ಲಾಗ್‌ನಲ್ಲಿ ಸಾಲುಸಾಲಾಗಿ 504 ಎಂಬ ಸಂಖ್ಯೆ. ಅದರ ಮುಂದಿದ್ದ ಇಂಗ್ಲಿಷನ್ನು ಕನ್ನಡಕ್ಕೆ ಇಳಿಸಿದರೆ ಇಷ್ಟು: ನಿನ್ನ ಹೆಲೋ ಒಪ್ಪುವುದಿಲ್ಲ, ಪೂರ್ತಿ ಹೋಸ್ಟ್‌ನೇಮ್ ಬೇಕು.

ನಗು ಬಂತು. 2006ರಲ್ಲಿ ಠಾಣೆಗೆ ಬಂದ ಹೊಸದರಲ್ಲಿ ಒಂದು ಕಚೇರಿಯ ಕೌಂಟರಿನಲ್ಲಿ ನನ್ನನ್ನೂ ಹೀಗೇ ನಿಲ್ಲಿಸಿದ್ದರು. “ಪೂರ್ಣ ನಾವ್ ಸಾಂಗಾ.” ನಾನು ಹಾಸನ ಜಿಲ್ಲೆಯ ಅರಕಲಗೂಡಿನವನು. ಊರಿಗೊಂದು ಅಕ್ಷರ, ಅಪ್ಪನಿಗೊಂದು ಅಕ್ಷರ, ಆಮೇಲೆ ನನ್ನ ಹೆಸರು. ನಮ್ಮೂರಲ್ಲಿ ಅಷ್ಟು ಸಾಕಾಗಿತ್ತು. ಇಲ್ಲಿಯ ಅರ್ಜಿಯಲ್ಲಿ ಮೊದಲು ಆಡನಾವ್, ಆಮೇಲೆ ಸ್ವಂತ ಹೆಸರು, ಆಮೇಲೆ ಅಪ್ಪನ ಹೆಸರು. ನನಗೆ ಆಡನಾವೇ ಇಲ್ಲ ಎಂದರೆ ಗುಮಾಸ್ತರು ನಂಬಲಿಲ್ಲ. ಕೊನೆಗೆ ಊರು ಆಡನಾವಾಯಿತು. ಇನ್ನೊಂದು ಕಾಗದದಲ್ಲಿ ಅಪ್ಪ ಆಡನಾವಾದರು. ಎರಡು ಕಾಗದ ತಾಳೆಯಾಗದೆ ಮುಂದೆ ಪಟ್ಟ ಪಾಡು ಈ ಓದುಗರಲ್ಲಿ ಅರ್ಧ ಜನಕ್ಕೆ ಗೊತ್ತಿರುವಂಥದ್ದೇ. (ಪಾಟೀಲ, ಕುಲಕರ್ಣಿ, ಶೆಟ್ಟಿಗಳಿಗೆ ಈ ಕಷ್ಟ ಅರ್ಥವಾಗುವುದಿಲ್ಲ. ಕಾಕಾನಿಗಂತೂ ಇಲ್ಲವೇ ಇಲ್ಲ.)

ನನ್ನ ಸರ್ವರ್ ಎದುರಿನ ಸರ್ವರ್‌ಗೆ ಕರೆಮಾಡಿ ‘ಹಲೋ, ನಾನು ಮೇಲ್’ ಎಂದಷ್ಟೇ ಹೇಳುತ್ತಿತ್ತು. ಯಾವ ಮನೆಯ ಮೇಲ್, ಯಾವ ಊರಿನ ಮೇಲ್ ಎಂದು ಹೇಳಿರಲಿಲ್ಲ. ಯಂತ್ರಕ್ಕೆ ತನ್ನ ಹೆಸರನ್ನೇ ಪೂರ್ತಿ ಹೇಳಲು ಬಾರದಂತೆ ಆಗುವುದು ಹೇಗೆ? ಇದಕ್ಕೆ ಉತ್ತರ ಕೈಪಿಡಿಯಲ್ಲಿ ಸಿಗುವುದಕ್ಕಿಂತ ಚರಿತ್ರೆಯಲ್ಲಿ ಚೆನ್ನಾಗಿ ಸಿಗುತ್ತದೆ. ಒಂದು ಲಿನಕ್ಸ್ ಯಂತ್ರದಲ್ಲಿ ಹೆಸರು ಎಂಬುದು ನಾಲ್ಕೈದು ಕಡೆ ಇರುತ್ತದೆ. ಒಂದೊಂದನ್ನೂ ಒಂದೊಂದು ಕಾಲದವರು ಬೇರೆ ಬೇರೆ ಅಗತ್ಯಕ್ಕೆ ಇಟ್ಟು ಹೋಗಿದ್ದಾರೆ. ಹಳೆಯದನ್ನು ಯಾರೂ ತೆಗೆದು ಹಾಕಿಲ್ಲ.

ಎಲ್ಲಕ್ಕಿಂತ ಹಳೆಯದು ಹೋಸ್ಟ್ಸ್ ಫೈಲ್. ಇಂದಿಗೂ ಪ್ರತಿ ಲಿನಕ್ಸ್‌ನಲ್ಲಿ, ವಿಂಡೋಸ್‌ನಲ್ಲಿ ಅದು ಇದೆ. ಒಂದು ಸಾಲಿಗೆ ಒಂದು ನಂಬರು, ಪಕ್ಕದಲ್ಲಿ ಹೆಸರು, ಅಷ್ಟೇ. ಇದರ ಅಜ್ಜಿ 1970ರ ದಶಕದ ಅರ್ಪಾನೆಟ್‌ನ ಪಟ್ಟಿ. ಮೊದಮೊದಲು ಪ್ರತಿ ಸಂಸ್ಥೆಯೂ ತನ್ನದೇ ಪಟ್ಟಿ ಬರೆದುಕೊಳ್ಳುತ್ತಿತ್ತು, ಒಬ್ಬರದು ಇನ್ನೊಬ್ಬರದಕ್ಕೆ ಹೊಂದುತ್ತಿರಲಿಲ್ಲ. ಇದೇನು ಪೇಚಾಟ, ಎಲ್ಲರಿಗೂ ಒಂದೇ ಅಧಿಕೃತ ಪಟ್ಟಿ ಇರಲಿ ಎಂದು 1973ರ ಡಿಸೆಂಬರಿನಲ್ಲಿ ಪೀಟರ್ ಡಾಯ್ಚ್ ಒಂದು ಆರ್‌ಎಫ್‌ಸಿ ಬರೆದರು. ಜಾಲದ ರೀತಿನೀತಿಗಳನ್ನು ಬರೆದಿಡುವ ಪತ್ರಗಳಿಗೆ ಆ ಹೆಸರು. ಮುಂದಿನ ತಿಂಗಳೇ ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ರಿಸರ್ಚ್ ಇನ್‌ಸ್ಟಿಟ್ಯೂಟ್ ಅದನ್ನು ಒಪ್ಪಿಕೊಂಡಿತು.

ಆ ಪಟ್ಟಿ ನೋಡಿಕೊಂಡವರು ಎಲಿಜಬೆತ್ ಫೈನ್ಲರ್ ಮತ್ತು ಅವರ ತಂಡ. ಓದಿದ್ದು ರಸಾಯನಶಾಸ್ತ್ರ, ಮಾಡಿದ್ದು ಇಡೀ ಜಾಲದ ನಾಮಕರಣ. ಹೊಸ ಯಂತ್ರ ಬಂತೆಂದರೆ ಅವರ ಕಚೇರಿಗೆ ತಿಳಿಸಿ, ಹೆಸರು ಯಾರೂ ಇಟ್ಟಿಲ್ಲ ಎಂದು ಖಾತ್ರಿ ಮಾಡಿಕೊಂಡು, ಪಟ್ಟಿಗೆ ಸೇರಿಸಿಕೊಳ್ಳಬೇಕು. ಉಳಿದವರು ಆಗಾಗ ಆ ಫೈಲನ್ನು ತಂತಮ್ಮ ಯಂತ್ರಕ್ಕೆ ಇಳಿಸಿಕೊಳ್ಳಬೇಕು. ಕಚೇರಿ ವೇಳೆಯಲ್ಲೇ ಫೋನ್ ಮಾಡಬೇಕು. ನಮ್ಮ ಪಂಚಾಯ್ತಿಯ ಜನನ ನೋಂದಣಿ ಪುಸ್ತಕಕ್ಕೂ ಇದಕ್ಕೂ ದೊಡ್ಡ ವ್ಯತ್ಯಾಸವೇನಿಲ್ಲ.

ಆ ದಿನಗಳಲ್ಲಿ ಯಂತ್ರಕ್ಕೆ ಒಂದೇ ಪದದ ಹೆಸರು ಸಾಕಾಗುತ್ತಿತ್ತು, ಏಕೆಂದರೆ ಇಡೀ ಜಾಲಕ್ಕೆ ಇದ್ದದ್ದೇ ಒಂದು ಪಟ್ಟಿ. 1981ರ ಆಗಸ್ಟ್‌ನಲ್ಲಿ ಅದರಲ್ಲಿ 213 ಯಂತ್ರಗಳಿದ್ದವು. ಮುನ್ನೂರು ಸದಸ್ಯರ ನಮ್ಮ ಸಂಘಕ್ಕಿಂತ ಚಿಕ್ಕದು! ಅಲ್ಲಿ ‘ನಾನು ಮೇಲ್’ ಎಂದರೆ ನಡೆಯುತ್ತಿತ್ತು. 1985ರ ಅಕ್ಟೋಬರ್ ಹೊತ್ತಿಗೆ 1961 ಆದವು. ಅದೇ ತಿಂಗಳು ಬಂದ ಆರ್‌ಎಫ್‌ಸಿ 952, ಹೆಸರಲ್ಲಿ ಏನಿರಬಹುದು ಎಂದು ಬರೆದಿಟ್ಟಿತು: ಅಕ್ಷರ, ಅಂಕಿ, ಅಡ್ಡಗೆರೆ, ಮೊದಲು ಅಕ್ಷರವೇ ಬರಬೇಕು, 24ಕ್ಕಿಂತ ಉದ್ದ ಬೇಡ. ಅಂಕಿಯಿಂದ ಶುರುವಾಗಬಹುದು ಎಂಬ ರಿಯಾಯಿತಿ ಬಂದದ್ದು 1989ರಲ್ಲಿ. ಕೆಳಗೆರೆಗೆ, ಅಂದರೆ ಅಂಡರ್‌ಸ್ಕೋರ್‌ಗೆ, ಆಗಲೂ ಇಲ್ಲ ಈಗಲೂ ಇಲ್ಲ. ನಮ್ಮ ಆಫೀಸಿನಲ್ಲಿ ಹೊಸ ಹುಡುಗರು ಸರ್ವರ್‌ಗೆ ಹೆಸರಿಡುವಾಗ ಅಂಡರ್‌ಸ್ಕೋರ್ ಹಾಕಿ, ಎಲ್ಲ ಕೆಲಸ ಮಾಡುತ್ತದೆ, ಮೇಲ್ ಮಾತ್ರ ಹೋಗುತ್ತಿಲ್ಲ ಎಂದು ಬಂದು ನಿಲ್ಲುತ್ತಾರೆ. ನಲವತ್ತು ವರ್ಷದ ಹಿಂದಿನ ಆ ಪತ್ರ ಓದಿಲ್ಲ, ಪಾಪ.

ಇನ್ನು ಮೇಲ್ ವಿಷಯ. 1982ರ ಆಗಸ್ಟ್‌ನಲ್ಲಿ ಜಾನ್ ಪೋಸ್ಟೆಲ್ ಎಸ್‌ಎಂಟಿಪಿ ನಿಯಮಗಳನ್ನು ಬರೆದರು. ಒಂದು ಯಂತ್ರ ಇನ್ನೊಂದಕ್ಕೆ ಪತ್ರ ಕೊಡುವ ಮೊದಲು ಹಲೋ ಎಂದು ತನ್ನ ಹೆಸರು ಹೇಳಬೇಕು ಎಂಬ ಶಿಷ್ಟಾಚಾರ ಅಲ್ಲಿಯದು. ಆಜ್ಞೆಗಳೆಲ್ಲ ನಾಲ್ಕಕ್ಷರದವು, ಹಾಗಾಗಿ ಹಲೋ ಕೂಡ ಒಂದು ಎಲ್ ಕಳೆದುಕೊಂಡು ‘ಹೆಲೋ’ ಆಯಿತು. ಆ ಪತ್ರದ ಉದಾಹರಣೆಗಳನ್ನು ನೋಡಿದರೆ ಎಲ್ಲ ಯಂತ್ರಗಳ ಹೆಸರಿನ ಹಿಂದೆ ‘ಚುಕ್ಕಿ ಅರ್ಪಾ’ ಎಂದಿದೆ. ಊರಿಗೆ ಊರೇ ಒಂದೇ ಆಡನಾವ್ ಇಟ್ಟುಕೊಂಡ ಹಾಗೆ. ಹೆಸರನ್ನು ಪದರಪದರವಾಗಿ ಹಂಚುವ ಯೋಚನೆ ಆಗಲೇ ಶುರುವಾಗಿತ್ತು, ಹಂಚುವ ವ್ಯವಸ್ಥೆ ಇನ್ನೂ ಇರಲಿಲ್ಲ. ಅದನ್ನು ಪಾಲ್ ಮೊಕಾಪೆಟ್ರಿಸ್ 1983ರ ನವೆಂಬರಿನಲ್ಲಿ ಕೊಟ್ಟರು, ಅದೇ ಡಿಎನ್‌ಎಸ್. ಒಂದು ಕಚೇರಿಯ ಒಂದು ಪಟ್ಟಿಯ ಬದಲು, ಪ್ರತಿ ಮನೆತನವೂ ತನ್ನ ಮಕ್ಕಳಿಗೆ ತಾನೇ ಹೆಸರಿಟ್ಟುಕೊಳ್ಳುವ ಏರ್ಪಾಡು. 1986ರ ಜನವರಿಯಲ್ಲಿ ಕ್ರೇಗ್ ಪಾರ್ಟ್ರಿಜ್ ಬರೆದ ಎಂಎಕ್ಸ್ ನಿಯಮ ಬಂತು: ಒಂದು ಮನೆತನದ ಪತ್ರಗಳನ್ನು ಯಾವ ಯಂತ್ರ ತೆಗೆದುಕೊಳ್ಳಬೇಕು ಎಂದು ಡಿಎನ್‌ಎಸ್‌ನಲ್ಲೇ ಬರೆದಿಡಬಹುದು.

ಅಂದರೆ ಮೊದಲು ಪಟ್ಟಿ, ಆಮೇಲೆ ಹಲೋ, ಆಮೇಲೆ ಡಿಎನ್‌ಎಸ್, ಆಮೇಲೆ ಎಂಎಕ್ಸ್. ಹಲೋ ಹೇಳುವ ನಿಯಮ ಬರೆದಾಗ, ಹೇಳಿದ ಹೆಸರು ನಿಜವೇ ಎಂದು ಪರೀಕ್ಷಿಸಲು ಡಿಎನ್‌ಎಸ್ಸೇ ಇರಲಿಲ್ಲ.

ಇದೆಲ್ಲ ದೂರದ ಕತೆಯಾಯಿತು. ನಮ್ಮ ಕಡೆಯ ಕತೆ ಇನ್ನೂ ಸ್ವಾರಸ್ಯದ್ದು, ಅದು ಶುರುವಾಗುವುದು ಜುಹುವಿನಲ್ಲಿ. ಅಲ್ಲಿದ್ದ ನ್ಯಾಷನಲ್ ಸೆಂಟರ್ ಫಾರ್ ಸಾಫ್ಟ್‌ವೇರ್ ಟೆಕ್ನಾಲಜಿ, ಅಂದರೆ ಎನ್‌ಸಿಎಸ್‌ಟಿ, ಟಿಐಎಫ್‌ಆರ್‌ನ ಒಂದು ವಿಭಾಗದಿಂದ 1985ರಲ್ಲಿ ಬೇರೆಯಾಗಿ ನಿಂತ ಸಂಸ್ಥೆ. ಮುಖ್ಯಸ್ಥರು ಶ್ರೀನಿವಾಸನ್ ರಮಣಿ. ಭಾರತಕ್ಕೆ ಇಂಟರ್ನೆಟ್ ತಂದವರಲ್ಲಿ ಪ್ರಮುಖರೆಂದು 2014ರಲ್ಲಿ ಅವರ ಹೆಸರು ಇಂಟರ್ನೆಟ್ ಹಾಲ್ ಆಫ್ ಫೇಮ್‌ಗೆ ಸೇರಿತು. ಕೇಂದ್ರದ ಎಲೆಕ್ಟ್ರಾನಿಕ್ಸ್ ಇಲಾಖೆ ವಿಶ್ವಸಂಸ್ಥೆಯ ಯುಎನ್‌ಡಿಪಿ ನೆರವಿನಿಂದ ಅರ್ನೆಟ್ ಎಂಬ ಜಾಲ ಕಟ್ಟಲು ಹೊರಟಾಗ, ಎನ್‌ಸಿಎಸ್‌ಟಿ, ಐದು ಐಐಟಿಗಳು, ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಇಲಾಖೆ, ಹೀಗೆ ಎಂಟು ಜನ ಕೂಡಿದರು. 1986-87ರ ಹೊತ್ತಿಗೆ ಜುಹುವಿನ ಎನ್‌ಸಿಎಸ್‌ಟಿಗೂ ಪೊವೈಯ ಐಐಟಿಗೂ ನಡುವೆ ಟೆಲಿಫೋನ್ ಡಯಲ್ ಮಾಡಿ ಮೇಲ್ ಸಾಗಿಸುವುದು ಶುರುವಾಯಿತು. ಹದಿನೈದು ಕಿಲೋಮೀಟರೂ ಇಲ್ಲದ ದೂರ. ಆಗಿನ ಬೊಂಬಾಯಿಯ ಟೆಲಿಫೋನ್ ಕಂಡವರಿಗೆ ಅದು ಎಷ್ಟು ದೂರ ಎಂದು ಗೊತ್ತು.

ಈ ಸಾಗಾಟದ ಪದ್ಧತಿ ಯುಯುಸಿಪಿ. ಅದರಲ್ಲಿ ವಿಳಾಸ ಎಂಬುದು ವಿಳಾಸವೇ ಅಲ್ಲ, ದಾರಿ. ಅಮೆರಿಕದಿಂದ ಬೆಂಗಳೂರಿಗೆ ಪತ್ರ ಬರೆಯುವವರು ‘ಯುಯುನೆಟ್’, ಆಮೇಲೆ ಆಶ್ಚರ್ಯಸೂಚಕ, ‘ಶಕ್ತಿ’, ಮತ್ತೆ ಆಶ್ಚರ್ಯಸೂಚಕ, ‘ವಿಜ್ಞಾನ್’, ಕೊನೆಗೆ ವ್ಯಕ್ತಿಯ ಹೆಸರು ಎಂದು ಬರೆಯುತ್ತಿದ್ದರು. ಶಕ್ತಿ ಎಂಬುದು ಎನ್‌ಸಿಎಸ್‌ಟಿಯ ಯಂತ್ರ, ದೇಶದ ಹೆಬ್ಬಾಗಿಲು. ವಿಜ್ಞಾನ್ ಬೆಂಗಳೂರಿನದು. ದೆಹಲಿಯ ಇಲಾಖೆಯ ಯಂತ್ರ ವಿಕ್ರಮ್. ‘ಸ್ಟೇಷನ್ನಿಂದ ಹೊರಬಂದು ಬಲಕ್ಕೆ ತಿರುಗಿ, ಹಿಟ್ಟಿನ ಗಿರಣಿ ಹತ್ತಿರ ಯಾರನ್ನಾದರೂ ಕೇಳಿ’ ಎಂಬ ನಮ್ಮ ಹಳ್ಳಿ ವಿಳಾಸದ ಹಾಗೆ. ಇಲ್ಲಿ ಶಕ್ತಿ ಎಂದರೆ ಸಾಕು, ಶಕ್ತಿ ಇಂಥವರ ಮನೆಯದು ಎನ್ನಬೇಕಿಲ್ಲ. ಪಕ್ಕದ ಯಂತ್ರಕ್ಕೆ ಅದರ ಫೋನ್ ನಂಬರು ಗೊತ್ತಿರುತ್ತದೆ. ಆದರೆ ಗಿರಣಿ ಮುಚ್ಚಿದರೆ, ಅಂದರೆ ನಡುವಿನ ಒಂದು ಯಂತ್ರ ಕೆಟ್ಟರೆ, ದಾರಿಯೇ ತಪ್ಪಿತು.

1989ರ ಮೇ 8ರಂದು ಭಾರತಕ್ಕೆ ‘ಚುಕ್ಕಿ ಇನ್’ ಬಂತು. ಅದನ್ನು ನೋಡಿಕೊಳ್ಳುವ ಕೆಲಸ ಬಂದದ್ದು ಜುಹುವಿನ ಅದೇ ಎನ್‌ಸಿಎಸ್‌ಟಿಗೆ. ಫೈನ್ಲರ್ ಅವರ ಕಚೇರಿ ಅಮೆರಿಕಕ್ಕೆ ಮಾಡಿದ್ದನ್ನು ಇವರು ಇಲ್ಲಿ ಮಾಡಿದರು. ಒಂಟಿ ಹೆಸರಿನ ಶಕ್ತಿಗೆ ಈಗ ಮನೆತನ, ಊರು, ದೇಶ ಎಲ್ಲ ಸೇರಿ ಉದ್ದ ಹೆಸರಾಯಿತು: ಶಕ್ತಿ, ಚುಕ್ಕಿ, ಎನ್‌ಸಿಎಸ್‌ಟಿ, ಚುಕ್ಕಿ, ಅರ್ನೆಟ್, ಚುಕ್ಕಿ, ಇನ್. ಬೆಂಗಳೂರಿನ ವಿಜ್ಞಾನ ಸಂಸ್ಥೆ ಈ ಅರ್ನೆಟ್ ಹೆಸರನ್ನು ಎಷ್ಟೋ ವರ್ಷ ಬಿಡಲಿಲ್ಲ, ನಾನು ಎಂ.ಟೆಕ್ ಓದುವಾಗ ಅಲ್ಲಿಯ ಪ್ರಾಧ್ಯಾಪಕರ ಪ್ರಬಂಧಗಳ ಕೆಳಗೆಲ್ಲ ಅದೇ ವಿಳಾಸ. ಎನ್‌ಸಿಎಸ್‌ಟಿ ಮುಂದೆ ಸಿ-ಡ್ಯಾಕ್‌ನಲ್ಲಿ ಸೇರಿಹೋಯಿತು. 2005ರಲ್ಲಿ ‘ಇನ್’ ಹೆಸರುಗಳು ಎಲ್ಲರಿಗೂ ಮುಕ್ತವಾಗಿ ಸಿಗುವಂತಾದಾಗ ಅದರ ಉಸ್ತುವಾರಿ ನಿಕ್ಸಿಯ ಕೈಗೆ ಬಂದಿತ್ತು. ಹಾರ್ಬರ್ ಲೈನ್‌ನಲ್ಲಿ ಖಾರ್ಘರ್‌ಗೆ ಹೋಗುವವರು ಸ್ಟೇಷನ್ ಎದುರಿಗೆ ಕಾಣುವ ಸಿ-ಡ್ಯಾಕ್ ಆವರಣವನ್ನು ಒಮ್ಮೆ ನೋಡಿ. ಭಾರತದ ಯಂತ್ರಗಳಿಗೆ ಹೆಸರಿಟ್ಟವರ ವಾರಸುದಾರರು ಅಲ್ಲಿದ್ದಾರೆ.

ಜನಸಾಮಾನ್ಯರಿಗೆ ಇಂಟರ್ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು, ವಿಎಸ್‌ಎನ್‌ಎಲ್‌ನಿಂದ. ಆಗಿನ ಇಮೇಲ್ ವಿಳಾಸ ನೆನಪಿದೆಯೇ? ‘ಗಿಯಾಸ್‌ಬಿಎಂ01’ ಚುಕ್ಕಿ ವಿಎಸ್‌ಎನ್‌ಎಲ್ ಚುಕ್ಕಿ ನೆಟ್ ಚುಕ್ಕಿ ಇನ್. ಗಿಯಾಸ್ ಎಂದರೆ ಗೇಟ್‌ವೇ ಇಂಟರ್ನೆಟ್ ಆ್ಯಕ್ಸೆಸ್ ಸರ್ವಿಸ್, ಬಿಎಂ ಬಾಂಬೆ, 01 ಒಂದನೇ ಯಂತ್ರ. ಬೆಂಗಳೂರಿನದು ಬಿಜಿ. ಯಂತ್ರದ ಹೋಸ್ಟ್‌ನೇಮ್ ನೇರವಾಗಿ ಜನರ ವಿಸಿಟಿಂಗ್ ಕಾರ್ಡಿನ ಮೇಲೆ ಅಚ್ಚಾಗಿತ್ತು. ಎಂಎಕ್ಸ್ ಬಂದು ಒಂಬತ್ತು ವರ್ಷವಾಗಿದ್ದರೂ, ಪತ್ರ ಮನೆತನದ ಹೆಸರಿಗೆ ಬರೆದರೆ ಸಾಕು, ಬಾಗಿಲು ಕಾಯುವವನ ಹೆಸರು ಬೇಕಿಲ್ಲ ಎಂಬುದು ಇಲ್ಲಿ ಲೆಕ್ಕಕ್ಕೆ ಬರಲಿಲ್ಲ. ಅದೇ 1995ರಲ್ಲಿ ಬಾಂಬೆ ಮುಂಬಯಿ ಆಯಿತು. ಯಂತ್ರ ಬಿಎಂ ಆಗಿಯೇ ಉಳಿಯಿತು. ಆಮೇಲೆ ಬಾಮ್3, ಬಾಮ್8 ಎಂಬ ಹೆಸರುಗಳೂ ಬಂದವು. ಊರಿನ ಹೆಸರು ಬದಲಿಸುವುದು ಸುಲಭ, ಹೋಸ್ಟ್‌ನೇಮ್ ಬದಲಿಸುವುದು ಕಷ್ಟ ಎಂದು ಯಾವ ಸಿಸ್ಟಮ್ ಅಡ್ಮಿನ್‌ನನ್ನು ಕೇಳಿದರೂ ಹೇಳುತ್ತಾನೆ.

ನನ್ನ ಸರ್ವರ್‌ಗೆ ಬರುತ್ತೇನೆ. ಡೆಬಿಯನ್ ಹಾಕುವಾಗ ಯಂತ್ರದ ಹೆಸರು ಕೇಳಿತು, ‘ಮೇಲ್’ ಎಂದು ಕೊಟ್ಟೆ. ಡೊಮೈನ್ ಕೇಳಿದಾಗ ಖಾಲಿ ಬಿಟ್ಟೆ, ಆಮೇಲೆ ನೋಡಿದರಾಯಿತು ಎಂದು. ಹೀಗೆ ಬಿಟ್ಟರೆ ಡೆಬಿಯನ್ ಹೋಸ್ಟ್ಸ್ ಫೈಲ್‌ನಲ್ಲಿ 127.0.1.1 ಎಂಬ ಒಳನಂಬರಿನ ಮುಂದೆ ಬರೀ ‘ಮೇಲ್’ ಎಂದು ಬರೆದುಕೊಳ್ಳುತ್ತದೆ. ಮಾರನೆಯ ದಿನ ಪೂರ್ತಿ ಹೆಸರನ್ನೂ ಸೇರಿಸಿದೆ, ಆದರೆ ‘ಮೇಲ್’ ಮೊದಲು, ಪೂರ್ತಿ ಹೆಸರು ಆಮೇಲೆ. ಈ ಫೈಲ್‌ನಲ್ಲಿ ನಂಬರಿನ ಪಕ್ಕ ಮೊದಲು ಬರುವುದೇ ನಿಜ ಹೆಸರು, ಉಳಿದವು ಅಡ್ಡಹೆಸರು. ಹಾಗಾಗಿ ಯಂತ್ರವನ್ನು ‘ನಿನ್ನ ಪೂರ್ತಿ ಹೆಸರೇನು’ ಎಂದು ಕೇಳಿದರೆ ಅದು ಮತ್ತೂ ‘ಮೇಲ್’ ಎಂದೇ ಹೇಳುತ್ತಿತ್ತು. ಕೇಳುವ ಆಜ್ಞೆ ಹೋಸ್ಟ್‌ನೇಮ್, ಜೊತೆಗೆ ಮೈನಸ್ ಎಫ್. ಮೇಲ್ ಸರ್ವರ್ ಹಾಕುವ ಮೊದಲು ಮಾಡಬೇಕಾದ ಮೊದಲ ಕೆಲಸ ಇದೇ. ನಾನು ಕೊನೆಗೆ ಮಾಡಿದೆ.

ಪದಗಳ ಕ್ರಮ ಬದಲಿಸಿದೆ. ಯಂತ್ರ ಸರಿಯಾಗಿ ಉತ್ತರಿಸಿತು. ಪೋಸ್ಟ್‌ಫಿಕ್ಸ್ ಮಾತ್ರ ಹಳೆಯ ರಾಗವನ್ನೇ ಹಾಡುತ್ತಿತ್ತು. ಮುಕ್ಕಾಲು ಗಂಟೆ ತಲೆ ಚಚ್ಚಿಕೊಂಡ ಮೇಲೆ ಹೊಳೆಯಿತು: ಡೆಬಿಯನ್‌ನಲ್ಲಿ ಪೋಸ್ಟ್‌ಫಿಕ್ಸ್ ಕೂರಿಸುವ ಕ್ಷಣದಲ್ಲಿ ಅದು ಯಂತ್ರದ ಹೆಸರು ಕೇಳಿ, ಬಂದ ಉತ್ತರವನ್ನು ತನ್ನ ಮೇನ್ ಸಿಎಫ್ ಫೈಲ್‌ನ ‘ಮೈಹೋಸ್ಟ್‌ನೇಮ್’ ಸಾಲಿನಲ್ಲಿ ಬರೆದುಕೊಂಡುಬಿಡುತ್ತದೆ. ಆಮೇಲೆ ನೀವು ಹೋಸ್ಟ್ಸ್ ತಿದ್ದಿದರೆ ಅದಕ್ಕೆ ಸಂಬಂಧವಿಲ್ಲ. ಆಧಾರ್ ತಿದ್ದಿಸಿದ ಮಾತ್ರಕ್ಕೆ ಬ್ಯಾಂಕಿನ ಪಾಸ್‌ಬುಕ್ಕಿನ ಹೆಸರು ತಾನಾಗಿ ತಿದ್ದಿಹೋಗುವುದಿಲ್ಲವಲ್ಲ. ಕೈಯಾರೆ ಬದಲಿಸಿ, ಮತ್ತೆ ಚಾಲೂ ಮಾಡಿದೆ. 504 ಹೋಯಿತು.

ಇನ್ನೇನು ಮುಗಿಯಿತು ಎನ್ನುವಷ್ಟರಲ್ಲಿ ಜಿಮೇಲ್‌ನಿಂದ 550. ನಿನ್ನ ನಂಬರಿಗೆ ಪಿಟಿಆರ್ ಇಲ್ಲ, ಅಥವಾ ಹೆಸರೂ ನಂಬರೂ ತಾಳೆಯಾಗುತ್ತಿಲ್ಲ. ಹೆಸರಿನಿಂದ ನಂಬರು ಹುಡುಕುವುದು ಡಿಎನ್‌ಎಸ್‌ನ ನೇರ ದಾರಿ. ನಂಬರಿನಿಂದ ಹೆಸರು ಹುಡುಕುವುದು ರಿವರ್ಸ್. ಎರಡೂ ಒಂದೇ ಮಾತು ಹೇಳಬೇಕು. ಮಜಾ ಎಂದರೆ, ರಿವರ್ಸ್ ಹುಡುಕಾಟವೆಲ್ಲ ಇಂದಿಗೂ ‘ಚುಕ್ಕಿ ಅರ್ಪಾ’ ಎಂಬ ಹೆಸರಿನಡಿಯೇ ನಡೆಯುತ್ತದೆ. 1982ರಲ್ಲಿ ಎಲ್ಲರೂ ತಾತ್ಕಾಲಿಕವಾಗಿ ಇಟ್ಟುಕೊಂಡಿದ್ದ ಆ ಆಡನಾವೇ ಇದು.

ಚರಿತ್ರೆಯಲ್ಲಿ ನನಗೆ ಬೇಸರ ತರಿಸುವ ಜಾಗವೂ ಇದೇ. 1989ರ ಅಕ್ಟೋಬರಿನ ಆರ್‌ಎಫ್‌ಸಿ 1123, ಹಲೋ ಹೇಳಿದವನ ಹೆಸರನ್ನು ಬೇಕಾದರೆ ಪರೀಕ್ಷಿಸಿ, ಆದರೆ ತಾಳೆಯಾಗಲಿಲ್ಲ ಎಂಬ ಕಾರಣಕ್ಕೆ ಪತ್ರ ನಿರಾಕರಿಸಕೂಡದು ಎಂದು ಸ್ಪಷ್ಟವಾಗಿ ಬರೆದಿತ್ತು. ಸೆಟ್ಟಿಂಗ್ ತಪ್ಪಿರಬಹುದು, ಪತ್ರ ಮುಖ್ಯ ಎಂಬ ದೊಡ್ಡ ಮನಸ್ಸು. ಆಮೇಲೆ ಸ್ಪ್ಯಾಮ್ ಹೆಚ್ಚಿತು. ಕದ್ದ ಮನೆ ಕಂಪ್ಯೂಟರ್‌ಗಳಿಂದ ಕಳಿಸುವವರಿಗೆ ಪೂರ್ತಿ ಹೆಸರೂ ಇರುವುದಿಲ್ಲ, ರಿವರ್ಸ್ ದಾಖಲೆಯೂ ಹೊಂದುವುದಿಲ್ಲ ಎಂದು ಗೊತ್ತಾದ ಮೇಲೆ ಒಬ್ಬೊಬ್ಬರಾಗಿ ಬಾಗಿಲಲ್ಲೇ ತಡೆಯತೊಡಗಿದರು. 2024ರ ಫೆಬ್ರವರಿಯಿಂದ ಗೂಗಲ್ ಮತ್ತು ಯಾಹೂ ಇನ್ನೂ ಬಿಗಿ ಮಾಡಿದವು. ಅವರದು ತಪ್ಪು ಎನ್ನಲಾರೆ. ಆದರೆ ಕಳ್ಳನನ್ನು ತಡೆಯಲು ಕೇಳುವ ಕಾಗದಪತ್ರ ಮೊದಲು ತಡೆಯುವುದು ಕಾಗದಪತ್ರ ಸರಿಯಿಲ್ಲದ ಬಡಪಾಯಿಯನ್ನು. ದೊಡ್ಡ ಕಂಪನಿಗೆ ಇದಕ್ಕೊಂದು ತಂಡವಿರುತ್ತದೆ, ಸಂಘಕ್ಕೆ ನಾನೊಬ್ಬ.

ಪಿಟಿಆರ್ ನಾವು ಬರೆಯಲಾಗುವುದಿಲ್ಲ. ನಂಬರು ಯಾರದೋ ಅವರೇ ಬರೆಯಬೇಕು. ಡೇಟಾ ಸೆಂಟರ್‌ನವರಿಗೆ ಟಿಕೆಟ್ ಹಾಕಿದೆ. ಭಾನುವಾರ ಯಾರೂ ನೋಡಲಿಲ್ಲ, ಸೋಮವಾರ ಸಂಜೆ ಆಯಿತು.

ಈ ನಡುವೆ ಮೂರನೆಯದೊಂದು ಹೊರಬಿತ್ತು. ಪದಾಧಿಕಾರಿಗಳ ಮೇಲ್‌ಬಾಕ್ಸ್ ಇದ್ದದ್ದು ಬೇರೆ ಕಡೆ, ಎಂಎಕ್ಸ್ ಅಲ್ಲಿಗೇ ತೋರಿಸುತ್ತಿತ್ತು. ಆದರೆ ಪೋಸ್ಟ್‌ಫಿಕ್ಸ್ ಕೂರಿಸುವಾಗ ‘ಸಿಸ್ಟಮ್ ಮೇಲ್ ನೇಮ್’ ಎಂದು ಕೇಳಿದ್ದಕ್ಕೆ ನಾನು ಸಂಘದ ಡೊಮೈನನ್ನೇ ಕೊಟ್ಟಿದ್ದೆ. ಡೆಬಿಯನ್ ಅದನ್ನು ‘ಮೈಡೆಸ್ಟಿನೇಷನ್’ ಸಾಲಿಗೂ ಸೇರಿಸಿತು. ಆಗ ಬಾಗಿಲು ಕಾಯುವವನು ತಾನೇ ಇಡೀ ಸಂಘ ಎಂದುಕೊಂಡ. ಕಾರ್ಯದರ್ಶಿಗೆ, ಖಜಾಂಚಿಗೆ ಹೋದ ಪತ್ರಗಳನ್ನು ಡಿಎನ್‌ಎಸ್ ಕೇಳದೆ ತನ್ನ ಒಳಗೇ ಹುಡುಕಿ, ‘ಇಂಥವರು ಇಲ್ಲಿಲ್ಲ’ ಎಂದು ವಾಪಸು ಕಳಿಸುತ್ತಿದ್ದ. ಇಪ್ಪತ್ತು ವರ್ಷದ ಖಜಾಂಚಿಗೆ ಸಂಘದ ಸರ್ವರ್ರೇ ‘ಅಂಥವರು ಯಾರೂ ಇಲ್ಲ’ ಎಂದಿತ್ತು. ಕಾಕಾ ಅಷ್ಟು ಸಿಟ್ಟಿಗೇಳಲು ಕಾರಣ ಆಗ ತಿಳಿಯಿತು. ಆ ಸಾಲಿನಿಂದ ಡೊಮೈನ್ ಅಳಿಸಿದೆ, ಯಂತ್ರದ ಹೆಸರು, ಲೋಕಲ್‌ಹೋಸ್ಟ್ ಮಾತ್ರ ಉಳಿಸಿದೆ.

ನೋಟಿಸುಗಳು ಮಂಗಳವಾರ ಬೆಳಿಗ್ಗೆ ಹೋದವು, ಗಡುವಿಗೆ ಎರಡು ದಿನ ಮೊದಲು. ಫೋನ್ ಮಾಡಿ ಹೇಳಿದರೆ ಕಾಕಾ, “ನಾ ಸೋಮವಾರನ ಎಂಬತ್ತು ಕಾರ್ಡ್ ಪೋಸ್ಟಿಗೆ ಹಾಕೇನಿ. ಇಮೇಲ್ ಇಲ್ಲದವರಿಗೆ, ಮತ್ತ ನಿನ್ನ ಮ್ಯಾಲೆ ನಂಬಿಕಿ ಇಲ್ಲದವರಿಗೆ,” ಅಂದರು.

ಸಭೆ ನಡೆಯಿತು, ಯಾರೂ ತಕರಾರು ತೆಗೆಯಲಿಲ್ಲ. ಎರಡು ತಿಂಗಳ ಮೇಲೆ ಡೇಟಾ ಸೆಂಟರ್‌ನವರು ಸರ್ವರ್ ರೀಬೂಟ್ ಮಾಡಿದರು. ಅವರ ಕ್ಲೌಡ್ ತಂತ್ರಾಂಶ ಪ್ರತಿ ಬಾರಿ ಎದ್ದಾಗಲೂ ಹೋಸ್ಟ್ಸ್ ಫೈಲನ್ನು ತನ್ನ ನಮೂನೆಯಿಂದ ಹೊಸದಾಗಿ ಬರೆಯುತ್ತದಂತೆ. ಯಂತ್ರ ಮತ್ತೆ ‘ಮೇಲ್’ ಆಗಿತ್ತು. ಈ ಸಲ ನಮೂನೆಯನ್ನೇ ತಿದ್ದಿದ್ದೇನೆ. ಈಗ ಅವರು ಏರೋಲಿಗೆ ಸ್ಥಳಾಂತರ, ನಂಬರು ಬದಲಾಗುತ್ತದೆ ಎಂದು ಪತ್ರ ಕಳಿಸಿದ್ದಾರೆ. ಹೊಸ ಪಿಟಿಆರ್‌ಗೆ ಟಿಕೆಟ್ ಹಾಕಿದ್ದೇನೆ, ಇನ್ನೂ ಉತ್ತರ ಬಂದಿಲ್ಲ.